ಹುಬ್ಬಳ್ಳಿಯಲ್ಲಿ ಟ್ಯಾಕ್ಸ್ ಫೈಲಿಂಗ್ ಆಫೀಸು ಶುರು ಮಾಡಬೇಕು: ಯಾವ ಸರ್ಟಿಫಿಕೇಟು, ಎಷ್ಟು ಖರ್ಚು, ಫೀ ಎಷ್ಟು?

ವಿದ್ಯಾನಗರ ಬಿ.ಕಾಂ.

ಎಲ್ಲರಿಗೂ ನಮಸ್ಕಾರ. ನಾನು ಕರ್ನಾಟಕ ವಿಶ್ವವಿದ್ಯಾಲಯದ ಬಿ.ಕಾಂ. ಪದವೀಧರೆ. ಹುಬ್ಬಳ್ಳಿಯ ಒಂದು ಆಡಿಟ್ ಆಫೀಸಿನಲ್ಲಿ ಕೆಲವು ವರ್ಷಗಳಿಂದ ಟ್ಯಾಲಿ ಎಂಟ್ರಿ, ಜಿಎಸ್‌ಟಿ ರಿಟರ್ನ್, ಸಂಬಳದಾರರ ಐಟಿಆರ್ (ಆದಾಯ ತೆರಿಗೆ ರಿಟರ್ನ್) ಮಾಡುತ್ತಿದ್ದೇನೆ. ಈಗ ವಿದ್ಯಾನಗರದಲ್ಲಿ ಒಂದು ಸಣ್ಣ ರೂಮು ಹಿಡಿದು ಸ್ವಂತ ಕೆಲಸ ಶುರು ಮಾಡುವ ವಿಚಾರವಿದೆ. ಸಿಎ ಓದಿಲ್ಲ, ಸದ್ಯಕ್ಕೆ ಓದುವ ಸ್ಥಿತಿಯೂ ಇಲ್ಲ. ಬಿ.ಕಾಂ. ಮೇಲೆ ಕಾನೂನು ಪ್ರಕಾರ ಏನೇನು ಮಾಡಬಹುದು, ಏನು ಮಾಡಬಾರದು? ಪರವಾನಗಿ, ಪರೀಕ್ಷೆ ಅಂತ ಎಷ್ಟು ಖರ್ಚು ಬರುತ್ತದೆ? ಎಲ್ಲಕ್ಕಿಂತ ಹೆಚ್ಚಾಗಿ, ಫೀ ಹೇಗೆ ಗೊತ್ತು ಮಾಡಬೇಕು? ಒಬ್ಬರು ಒಂದು ಐಟಿಆರ್‌ಗೆ 200 ರೂಪಾಯಿ ಅಂತಾರೆ, ಅದೇ ಓಣಿಯಲ್ಲಿ ಇನ್ನೊಬ್ಬರು 2,000 ಅಂತಾರೆ. ಅನುಭವ ಇದ್ದವರು ದಯವಿಟ್ಟು ಬಿಡಿಸಿ ಹೇಳಿ.

ಗದಗ ಹಳೇ ಪ್ರ್ಯಾಕ್ಟಿಷನರ್

ನೋಡ ತಂಗಿ, ನಾ ಸೇಲ್ಸ್ ಟ್ಯಾಕ್ಸ್ ಕಾಲದಿಂದ ಇದ ಕೆಲಸದಾಗ ಇದ್ದಾವ. ಮೊದಲ ಒಂದ ಮಾತು ತಿಳ್ಕೋ. ಬ್ಯಾರೇವ್ರ ಆದಾಯ ತೆರಿಗೆ ರಿಟರ್ನ್ ತುಂಬಿ ಕೊಡಾಕ ನಮ್ಮ ದೇಶದಾಗ ಯಾವ ಲೈಸೆನ್ಸೂ ಬೇಕಾಗಿಲ್ಲ. ರಿಟರ್ನ್ ಸತ್ಯ ಅಂತ ದೃಢೀಕರಿಸಾಂವ ತೆರಿಗೆದಾರ. ಆದ್ರ ಅಧಿಕಾರಿ ಮುಂದ ಅವರ ಪರವಾಗಿ ಹಾಜರಾಗಬೇಕಂದ್ರ ಯಾರ ಬೇಕಾದ್ರೂ ಹೋಗಾಕ ಬರಂಗಿಲ್ಲ. 1961ರ ಕಾಯ್ದೆಯ 288ನೇ ಕಲಂ ಒಳಗ ಯಾರ್ಯಾರು ಅಂತ ಬರದೈತಿ: ಹತ್ತಿರದ ಸಂಬಂಧಿಕರು, ಕಾಯಂ ನೌಕರರು, ವಕೀಲರು, ಸಿಎಗಳು, ಜೊತಿಗೆ ಕಾಮರ್ಸ್ ಇಲ್ಲಾ ಲಾ ಪದವಿ ಇದ್ದವ್ರು. ನೀ ಬಿ.ಕಾಂ. ಆಗಿದ್ದಕ್ಕ ಕ್ಲೈಂಟ್ ಕಡಿಂದ ಬರವಣಿಗ್ಯಾಗ ಅಧಿಕಾರ ಪತ್ರ ಇಸ್ಗೊಂಡು ಹಾಜರಾಗಬಹುದು. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಶುರು, ಆದ್ರ 2025-26ರ ಆದಾಯದ ತನಕ ರಿಟರ್ನೆಲ್ಲಾ ಹಳೇ ಕಾಯ್ದೆ ಲೆಕ್ಕಕ್ಕ. ಎರಡೂ ಪುಸ್ತಕ ಟೇಬಲ್ ಮ್ಯಾಲ ಇಟ್ಕೋ.

ಜಿಎಸ್‌ಟಿ ಮಾತ್ರ ಬ್ಯಾರೆ. ಅಲ್ಲಿ ಜಿಎಸ್‌ಟಿ ಪ್ರ್ಯಾಕ್ಟಿಷನರ್ (ಜಿಎಸ್‌ಟಿಪಿ) ಅಂತ ನೋಂದಣಿ ಐತಿ, ಕಾಯ್ದೆಯ 48ನೇ ಕಲಂ, ನಿಯಮ 83. ಪೋರ್ಟಲ್‌ನ್ಯಾಗ ಪಿಸಿಟಿ-01 ಅರ್ಜಿ ಹಾಕಬೇಕು, ಅದಕ್ಕ ಫೀ ಇಲ್ಲ. ಅರ್ಜಿ ಸರಿ ಇದ್ರ ಪಿಸಿಟಿ-02 ಸರ್ಟಿಫಿಕೇಟ್ ಬರತೈತಿ. ಆಮ್ಯಾಲ ಎರಡು ವರ್ಷದೊಳಗ ನ್ಯಾಸಿನ್ ಅನ್ನೋ ಕೇಂದ್ರ ಸರ್ಕಾರದ ತರಬೇತಿ ಸಂಸ್ಥೆಯವರು ನಡಸೋ ಪರೀಕ್ಷೆ ಪಾಸಾಗಬೇಕು. 100 ಪ್ರಶ್ನೆ, 200 ಅಂಕ, 100 ಬಂದ್ರ ಪಾಸು, ಪರೀಕ್ಷಾ ಶುಲ್ಕ 500 ರೂಪಾಯಿ. ತಪ್ಪು ಉತ್ತರಕ್ಕ ಅಂಕ ಕಳಿಯಂಗಿಲ್ಲ. ಪರೀಕ್ಷೆ ಅಂದಕೂಡ್ಲೆ ಅಂಜಬ್ಯಾಡ. ನೀ ದಿನಾ ಮಾಡೋ ಕೆಲಸದ್ದ ಪ್ರಶ್ನೆ ಇರ್ತಾವ, ಕಾಯ್ದೆ ಮತ್ತ ನಿಯಮ ಎರಡನ್ನೂ ಮೂಲದಾಗ ಓದು, ಗೈಡ್ ಅಷ್ಟ ನಂಬಬ್ಯಾಡ.

ದೇಶಪಾಂಡೆ ನಗರ ಸಿಎ

ಕಾಕಾರು ಹೇಳಿದ್ದು ಸರಿಯಾಗಿದೆ. ಗೆರೆ ಎಲ್ಲಿದೆ ಅಂತ ನಾನು ಸೇರಿಸುತ್ತೇನೆ. 1961ರ ಆದಾಯ ತೆರಿಗೆ ಕಾಯ್ದೆಯ 44ಎಬಿ ಕಲಂ ಕೆಳಗಿನ ಟ್ಯಾಕ್ಸ್ ಆಡಿಟ್ ವರದಿಗೆ ಸಿಎ ಒಬ್ಬರೇ ಸಹಿ ಹಾಕಬೇಕು. ವ್ಯಾಪಾರದ ವಹಿವಾಟು 1 ಕೋಟಿ ದಾಟಿದರೆ ಆಡಿಟ್, ನಗದು ವ್ಯವಹಾರ ಶೇ. 5ರೊಳಗೆ ಇದ್ದರೆ 10 ಕೋಟಿವರೆಗೆ ವಿನಾಯಿತಿ. ನಿಮ್ಮ ಕ್ಲೈಂಟ್ ಆ ಗೆರೆಯ ಹತ್ತಿರ ಬಂದಾಗ ಮಾರ್ಚ್ ಮುಗಿಯುವ ಮೊದಲೇ ಹೇಳಿ, ಸೆಪ್ಟೆಂಬರಿನಲ್ಲಿ ಹೇಳಿದರೆ ಉಪಯೋಗವಿಲ್ಲ. ಒಬ್ಬ ಸಿಎ ವರ್ಷಕ್ಕೆ 60 ಟ್ಯಾಕ್ಸ್ ಆಡಿಟ್ ಮಾತ್ರ ಮಾಡಬಹುದು. ಕೊನೆಗಳಿಗೆಯಲ್ಲಿ ಫೈಲ್ ಹಿಡಿದುಕೊಂಡು ಬಂದವರಿಗೆ "ಆಗುವುದಿಲ್ಲ" ಎನ್ನುವುದಕ್ಕೆ ಆ ಮಿತಿಯೂ ಒಂದು ಕಾರಣ.

ಇನ್ನೊಂದು ಸೂಕ್ಷ್ಮ ವಿಷಯ. ಆಡಿಟ್ ಕೆಲಸ ಸಿಎಗೆ ಕಳಿಸಿದಾಗ "ನನಗೆಷ್ಟು ಕಮಿಷನ್?" ಎಂದು ಕೇಳಬೇಡಿ. ಸಿಎ ಅಲ್ಲದವರ ಜೊತೆ ಫೀ ಹಂಚಿಕೊಳ್ಳುವುದು 1949ರ ಚಾರ್ಟರ್ಡ್ ಅಕೌಂಟಂಟ್ಸ್ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿ ವೃತ್ತಿ ದುರ್ನಡತೆ. ಲಾಭದ ಶೇಕಡಾವಾರು ಅಥವಾ ಫಲಿತಾಂಶಕ್ಕೆ ಕಟ್ಟುಬಿದ್ದ ಫೀ ತೆಗೆದುಕೊಳ್ಳುವುದೂ ಅಷ್ಟೇ. ಲೆಕ್ಕಪುಸ್ತಕ ಬರೆದುಕೊಟ್ಟ ಕೆಲಸಕ್ಕೆ ನೀವೇ ಕ್ಲೈಂಟಿಗೆ ಪ್ರತ್ಯೇಕ ಬಿಲ್ ಮಾಡಿ. ಅದು ನಿಮ್ಮ ಹಕ್ಕಿನ ದುಡ್ಡು.

ಸಿಎ ಓದುವ ಆಸೆ ಪೂರ್ತಿ ಬಿಟ್ಟಿಲ್ಲ ಅಂದರೆ ಖರ್ಚಿನ ಅಂದಾಜು ಇರಲಿ. ಇಂಟರ್‌ಮೀಡಿಯೆಟ್ ಎರಡೂ ಗ್ರೂಪ್ ನೋಂದಣಿ 18,000, ಫೈನಲ್ 22,000 ರೂಪಾಯಿ. ಪರೀಕ್ಷಾ ಶುಲ್ಕ, ಐಟಿ ತರಬೇತಿ ಬೇರೆ. ಕಾಮರ್ಸ್ ಪದವಿಯಲ್ಲಿ ಶೇ. 55 ಇದ್ದರೆ ಫೌಂಡೇಶನ್ ಬರೆಯದೆ ನೇರ ಇಂಟರ್‌ಗೆ ಬರಬಹುದು. ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್ (ಸಿಎ ಕೈಕೆಳಗಿನ ಕಡ್ಡಾಯ ತರಬೇತಿ) 3 ವರ್ಷದಿಂದ 2 ವರ್ಷಕ್ಕೆ ಇಳಿದಿದೆ. ಕೋಚಿಂಗ್ ಫೀ ಮತ್ತು ದುಡಿಯದೆ ಕಳೆಯುವ ವರ್ಷಗಳೇ ನಿಜವಾದ ಖರ್ಚು.

ನವನಗರ ವಕೀಲ

ಅಕ್ಕಾರ, ಇನ್ನೊಂದು ದಾರಿನೂ ಅದ. ಕಾನೂನು ವಿಶ್ವವಿದ್ಯಾಲಯ ನಮ್ಮ ನವನಗರದಾಗನ ಅದ. ಬಿ.ಕಾಂ. ಮ್ಯಾಲೆ ಮೂರು ವರ್ಷ ಎಲ್‌ಎಲ್‌ಬಿ ಮುಗಿಸಿದ್ರ ಮೇಲ್ಮನವಿ ಕೆಲಸದಾಗ ಭಾಳ ಅನುಕೂಲ. ಮೊದಲ ಬಾರ್ ಕೌನ್ಸಿಲ್ ನೋಂದಣಿಗೆ ಒಂದೊಂದು ರಾಜ್ಯದಾಗ ಸಾವಿರಾರು ರೂಪಾಯಿ ತಗೋತಿದ್ರು. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ ವಕೀಲರ ಕಾಯ್ದೆಯೊಳಗ ಬರದದ್ದಕ್ಕಿಂತ ಹೆಚ್ಚು ತಗೊಳ್ಳೋ ಹಂಗಿಲ್ಲ: ಸಾಮಾನ್ಯ ವರ್ಗಕ್ಕ 750, ಪರಿಶಿಷ್ಟರಿಗೆ 125 ರೂಪಾಯಿ. ಬಡವರ ಮನಿ ಹುಡುಗರಿಗೆ ಆ ತೀರ್ಪು ಎಷ್ಟು ದೊಡ್ಡದು ಅಂತ ನಮ್ಮ ಕಾಲೇಜಿನಾಗ ಕಣ್ಣಾರೆ ನೋಡೇನಿ. ನೋಂದಣಿ ಆದ ಮ್ಯಾಲೆ ಅಖಿಲ ಭಾರತ ಬಾರ್ ಪರೀಕ್ಷೆ ಬ್ಯಾರೆ, ಅದಕ್ಕ ಬ್ಯಾರೆ ಶುಲ್ಕ.

ವಿದ್ಯಾನಗರ ಬಿ.ಕಾಂ.

ಎಲ್ಲರಿಗೂ ಧನ್ಯವಾದ. ಕಾಕಾರ, ಪಿಸಿಟಿ-01 ಈ ವಾರವೇ ಹಾಕುತ್ತೇನೆ. ಸರ್, ಕಮಿಷನ್ ವಿಷಯ ಗೊತ್ತಿರಲಿಲ್ಲ, ಸ್ಪಷ್ಟವಾಯಿತು. ಈಗ ಫೀ ವಿಷಯಕ್ಕೆ ಬರೋಣ. ಸರ್ಕಾರ ಅಥವಾ ಸಂಘ ಎಲ್ಲಾದರೂ ದರಪಟ್ಟಿ ಗೊತ್ತು ಮಾಡಿದೆಯೇ?

ದೇಶಪಾಂಡೆ ನಗರ ಸಿಎ

ಸಿಎಗಳಿಗೆ ಇನ್‌ಸ್ಟಿಟ್ಯೂಟಿನ ಕನಿಷ್ಠ ದರಪಟ್ಟಿ ಇದೆ, ದೊಡ್ಡ ಊರಿಗೆ ಒಂದು, ಸಣ್ಣ ಊರಿಗೆ ಒಂದು. ಅದು ಶಿಫಾರಸು ಮಾತ್ರ, ಕಡ್ಡಾಯವಲ್ಲ. ಸಿಎ ಅಲ್ಲದವರಿಗೆ ಸರ್ಕಾರವೇ ಫೀ ಕಟ್ಟಿದ ಒಂದು ಯೋಜನೆ ಇತ್ತು, 2006ರ ಟಿಆರ್‌ಪಿ (ಟ್ಯಾಕ್ಸ್ ರಿಟರ್ನ್ ಪ್ರಿಪೇರರ್) ಯೋಜನೆ. ಹೊಸ ತೆರಿಗೆದಾರನ ರಿಟರ್ನ್ ತುಂಬಿದರೆ ಅವನು ಕಟ್ಟಿದ ತೆರಿಗೆಯ ಶೇ. 3 ಮೊದಲ ವರ್ಷ, ಶೇ. 2 ಎರಡನೇ ವರ್ಷ, ಶೇ. 1 ಮೂರನೇ ವರ್ಷ. ಗರಿಷ್ಠ 1,000 ರೂಪಾಯಿ, ಅದನ್ನು ಕೊಡುವುದು ಇಲಾಖೆ. ಆ ಮೊತ್ತ 250ಕ್ಕಿಂತ ಕಡಿಮೆ ಬಂದರೆ ಉಳಿದದ್ದನ್ನು ಗಿರಾಕಿಯಿಂದ ಪಡೆಯಬಹುದಿತ್ತು. ಶೇಕಡಾವಾರು ಇತ್ತು ನಿಜ, ಆದರೆ ಕಟ್ಟಿದ ತೆರಿಗೆಯ ಮೇಲೆ, ರಿಫಂಡ್ ಮೇಲೆ ಅಲ್ಲ. ಹೀಗಾಗಿ ತೆರಿಗೆ ಕಡಿಮೆ ತೋರಿಸುವುದರಿಂದ ತುಂಬಿಕೊಟ್ಟವರಿಗೆ ಏನೂ ಲಾಭವಿರಲಿಲ್ಲ.

ಕೇಶ್ವಾಪುರ ರೈಲ್ವೆ ನೌಕರ

ಸಿಎ ಸರ್ ಕೊನೆಗೆ ಹೇಳಿದ್ದರ ಮ್ಯಾಲೆ ನಾ ಬರೀಲೇಬೇಕು. ನನಗ ಆದದ್ದು ಕೇಳ್ರಿ. ಸಹೋದ್ಯೋಗಿಯೊಬ್ರು ಹೇಳಿದ್ರು ಅಂತ ಒಬ್ಬರ ಕಡೆ ರಿಟರ್ನ್ ತುಂಬಿಸಿದೆ. ಫೀ ಮುಂಗಡ ಬ್ಯಾಡ, ರಿಫಂಡ್ ಬಂದ ಮ್ಯಾಲೆ ಅದರಾಗ ಇಂತಿಷ್ಟು ಪಾಲು ಅಂತ ಮಾತು. ರಿಫಂಡ್ ಬಂತು, ಪಾಲೂ ಕೊಟ್ಟೆ. ಆಮ್ಯಾಲೆ ಇಲಾಖೆಯಿಂದ ಸಂದೇಶ ಬಂದಿದ್ದು ನನಗ ಮುಟ್ಟಲೇ ಇಲ್ಲ. ಯಾಕಂದ್ರ ಪೋರ್ಟಲ್‌ನಾಗ ಇದ್ದ ಮೊಬೈಲ್ ನಂಬರೂ ಅವರದು, ಇಮೇಲೂ ಅವರದು. ಬ್ಯಾರೆ ಕಡೆ ತೋರಿಸಿದಾಗ ಗೊತ್ತಾತು, 80ಜಿಜಿಸಿ ವಿನಾಯಿತಿ ಕೆಳಗ ನಾ ಯಾವುದೋ ಪಕ್ಷಕ್ಕ ದೇಣಿಗಿ ಕೊಟ್ಟೇನಿ ಅಂತ ಬರದಿದ್ರು. ಜೀವಮಾನದಾಗ ಯಾವ ಪಕ್ಷಕ್ಕೂ ಒಂದು ರೂಪಾಯಿ ಕೊಟ್ಟಾಂವಲ್ಲ ನಾ. ಕಡೀಕ ಐಟಿಆರ್-ಯು (ತಪ್ಪು ತಿದ್ದಿ ಮತ್ತ ಹಾಕೋ ರಿಟರ್ನ್) ಹಾಕಿ, ರಿಫಂಡ್ ವಾಪಸ್ ಕಟ್ಟಿ, ಬಡ್ಡಿ ಕಟ್ಟಿ, ಅದರ ಮ್ಯಾಲೆ ಶೇ. 25 ಹೆಚ್ಚುವರಿ ಕಟ್ಟಿದೆ. ಪಾಲು ತಗೊಂಡವರು ಫೋನ್ ಎತ್ತಲಿಲ್ಲ.

ತಂಗಿ, ನೀವು ಎಷ್ಟರೆ ಫೀ ತಗೋರಿ, ರಿಫಂಡ್‌ನಾಗ ಪಾಲು ಅಂತ ಮಾತ್ರ ತಗೋಬ್ಯಾಡ್ರಿ.

ನವನಗರ ವಕೀಲ

ಅಣ್ಣಾರ, ನಿಮ್ಮಂಥವರು ಸಾವಿರಾರು ಮಂದಿ ಇದ್ದಾರ. 2025ರ ಜುಲೈ 14ರಂದು ದೇಶದಾಗ 150 ಕಡೆ ಇಲಾಖೆ ಪರಿಶೀಲನೆ ಮಾಡಿತು, ಇಂಥ ಸುಳ್ಳು ವಿನಾಯಿತಿ ತುಂಬೋ ಮಧ್ಯವರ್ತಿಗಳ ಮ್ಯಾಲೇನ. ಆಗ ಇಲಾಖೆ ಹೇಳಿದ ಲೆಕ್ಕ: ಹಿಂದಿನ ನಾಲ್ಕು ತಿಂಗಳಾಗ ಸುಮಾರು 40,000 ಮಂದಿ ತಾವಾಗೇ ರಿಟರ್ನ್ ತಿದ್ದಿ 1,045 ಕೋಟಿ ರೂಪಾಯಿ ಸುಳ್ಳು ಕ್ಲೇಮ್ ಹಿಂದಕ್ಕ ತಗೊಂಡಾರ. ತಾವಾಗೇ ತಿದ್ದದೆ ಸಿಕ್ಕಿಬಿದ್ದರ, ತಪ್ಪು ವರದಿಗೆ 1961ರ ಕಾಯ್ದೆಯ 270ಎ ಕಲಂ ಪ್ರಕಾರ ತೆರಿಗೆಯ ಶೇ. 200 ದಂಡ.

ತುಂಬಿಕೊಟ್ಟವರಿಗೆ ಏನೂ ಆಗೂದಿಲ್ಲ ಅನ್ನೂದು ತಪ್ಪು ತಿಳವಳಿಕೆ. 1961ರ ಕಾಯ್ದೆಯ 278ನೇ ಕಲಂ ಸುಳ್ಳು ರಿಟರ್ನಿಗೆ ಕುಮ್ಮಕ್ಕು ಕೊಟ್ಟವರಿಗೇ ಇರೂದು. 2025ರ ತನಕ ಅದರಾಗ ತಪ್ಪಿಸಿದ ತೆರಿಗೆ 25 ಲಕ್ಷ ದಾಟಿದ್ರ ಆರು ತಿಂಗಳಿಂದ ಏಳು ವರ್ಷದವರೆಗೆ ಕಠಿಣ ಶಿಕ್ಷೆ, ಅದಕ್ಕಿಂತ ಕಡಿಮಿ ಇದ್ರ ಮೂರು ತಿಂಗಳಿಂದ ಎರಡು ವರ್ಷ ಇತ್ತು. ಒಬ್ಬೊಬ್ಬರದು ಸಣ್ಣ ಮೊತ್ತನ ಇರಬಹುದು. ನೂರಾರು ಮಂದಿಗೆ ಒಂದೇ ನಮೂನಿ ತುಂಬಿದವರನ್ನ ಹುಡುಕೂದು ಇಲಾಖೆಗೆ ಈಗ ಕಷ್ಟ ಇಲ್ಲ.

ಗೋಕುಲ ರೋಡ್ ನೈಟ್ ಶಿಫ್ಟ್

ನಾನು ಅಮೆರಿಕದ ರಿಟರ್ನ್ ಕೆಲಸ ಮಾಡ್ತೀನಿ, ಮನೆಯಿಂದ, ರಾತ್ರಿ ಹೊತ್ತು. ಅಲ್ಲೂ ಬಹಳ ರಾಜ್ಯಗಳಲ್ಲಿ ಯಾರು ಬೇಕಾದರೂ ದುಡ್ಡು ತಗೊಂಡು ರಿಟರ್ನ್ ತುಂಬಬಹುದು. ಆದರೆ ಪಿಟಿನ್ ಎಂಬ, ರಿಟರ್ನ್ ತುಂಬುವವರ ಗುರುತಿನ ನಂಬರ್ ಪ್ರತಿ ವರ್ಷ ನವೀಕರಿಸಿ, ರಿಟರ್ನ್ ಮೇಲೆ ನಮೂದಿಸಬೇಕು. ಅದರ ಶುಲ್ಕ 20 ಡಾಲರಿನ ಒಳಗೇ ಇದೆ. ಹೀಗಾಗಿ ಯಾವ ರಿಟರ್ನ್ ಯಾರು ತುಂಬಿದ್ದು ಅಂತ ಇಲಾಖೆಗೆ ಗೊತ್ತಾಗುತ್ತದೆ. ಅದರ ಮೇಲೆ ಎನ್‌ರೋಲ್ಡ್ ಏಜೆಂಟ್ (ಇಲಾಖೆ ಮುಂದೆ ಗಿರಾಕಿ ಪರ ಹಾಜರಾಗುವ ಅಧಿಕಾರ ಇರುವವರು) ಅಂತ ಇದೆ, ಮೂರು ಭಾಗದ ಪರೀಕ್ಷೆ, ಮೂರು ವರ್ಷಕ್ಕೆ 72 ಗಂಟೆ ಮುಂದುವರಿದ ಶಿಕ್ಷಣ ಕಡ್ಡಾಯ. ಕ್ಯಾಲಿಫೋರ್ನಿಯಾದಲ್ಲಿ ಸಿಪಿಎ (ಅಲ್ಲಿನ ಸಿಎ), ವಕೀಲ, ಎನ್‌ರೋಲ್ಡ್ ಏಜೆಂಟ್ ಯಾವುದೂ ಅಲ್ಲದವರು 60 ಗಂಟೆ ಕೋರ್ಸ್ ಮಾಡಿ 5,000 ಡಾಲರ್ ಬಾಂಡ್ ಕೊಡಬೇಕು. ನಮ್ಮಲ್ಲೂ ತುಂಬಿದವರ ನಂಬರ್ ರಿಟರ್ನ್ ಮೇಲೆ ಕಡ್ಡಾಯವಾಗಿ ಬಂದರೆ ರೈಲ್ವೆ ಅಣ್ಣಾರಿಗೆ ಆದಂಥದ್ದು ಅರ್ಧ ಕಡಿಮೆ ಆಗ್ತದೆ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ರಾಣೆಬೆನ್ನೂರು ಜಿಎಸ್‌ಟಿಪಿ

ಮೇಡಂ, ಫೀ ಲೆಕ್ಕ ನಾನು ಹೇಳುತ್ತೇನೆ. ಪಕ್ಕದ ಆಫೀಸಿನವರು ಎಷ್ಟು ತಗೊಳ್ಳುತ್ತಾರೆ ಎನ್ನುವಲ್ಲಿಂದ ಶುರು ಮಾಡಬೇಡಿ. ನಿಮ್ಮ ಖರ್ಚಿನಿಂದ ಶುರು ಮಾಡಿ. ರೂಮ್ ಬಾಡಿಗೆ ತಿಂಗಳಿಗೆ 5,000 ಅಂತ ಹಿಡಿದರೆ ವರ್ಷಕ್ಕೆ 60,000. ಕರೆಂಟು, ಇಂಟರ್ನೆಟ್ಟು ತಿಂಗಳಿಗೆ 1,500, ಅಂದರೆ 18,000. ಟ್ಯಾಕ್ಸ್ ಸಾಫ್ಟ್‌ವೇರಿಗೆ 15,000 ಇಡಿ. ಕಾಗದ, ಇಂಕು 7,000. ಕಂಪ್ಯೂಟರ್ 50,000ದ್ದು ನಾಲ್ಕು ವರ್ಷ ಬಂದರೆ ವರ್ಷಕ್ಕೆ 12,500. ವೃತ್ತಿ ತೆರಿಗೆ 2,500. ಒಟ್ಟು 1,15,000. ನಿಮ್ಮ ಸ್ವಂತ ದುಡಿಮೆಗೆ ತಿಂಗಳಿಗೆ 20,000 ಆದರೂ ಬೇಡವೇ? ಅದು 2,40,000. ಎರಡೂ ಸೇರಿ 3,55,000.

ಈಗ ಗಂಟೆ. ದಿನಕ್ಕೆ ಎಂಟು ತಾಸು ಕೂತರೂ ಎಂಟೂ ತಾಸು ಬಿಲ್ ಆಗುವುದಿಲ್ಲ. ಪೋರ್ಟಲ್ ನಿಂತಿರುತ್ತದೆ, ಓಟಿಪಿಗೆ ಕಾಯಬೇಕು, ಹೊಸ ನೋಟಿಫಿಕೇಶನ್ ಓದಬೇಕು. ವರ್ಷಕ್ಕೆ 1,200 ತಾಸು ಗಿರಾಕಿ ಕೆಲಸ ಆದರೆ ಚೆನ್ನಾಗಿಯೇ ಆಯಿತು. ಭಾಗಿಸಿದರೆ ತಾಸಿಗೆ ಸುಮಾರು 300 ರೂಪಾಯಿ. ಫಾರ್ಮ್ 16 (ಕೆಲಸ ಕೊಟ್ಟವರು ಕೊಡುವ ಸಂಬಳ-ತೆರಿಗೆ ಪತ್ರ) ಇರುವ ಸಂಬಳದಾರರ ಐಟಿಆರ್-1ಕ್ಕೆ ಎಐಎಸ್ (ಇಲಾಖೆ ಬಳಿ ಇರುವ ಗಿರಾಕಿಯ ಆದಾಯದ ಪಟ್ಟಿ) ತಾಳೆ ನೋಡಿ, ಹೊಸ ಪದ್ಧತಿ-ಹಳೆ ಪದ್ಧತಿ ಎರಡರಲ್ಲೂ ಲೆಕ್ಕ ಹಾಕಿ, ಇ-ವೆರಿಫೈ ಮಾಡಿಸುವಷ್ಟರಲ್ಲಿ ಒಂದೂವರೆ ತಾಸು, 450 ಆಯಿತು. ಕಿರಾಣಿ ಅಂಗಡಿಯ ಐಟಿಆರ್-4ಕ್ಕೆ ಮೂರು ತಾಸು, 900. ಶೇರು ವ್ಯವಹಾರ ಇದ್ದ ಐಟಿಆರ್-3 ಎಂಟು ತಾಸು ಹಿಡಿದರೆ 2,400. ನಿಮಗೆ 200 ಮತ್ತು 2,000 ಅಂತ ಎರಡು ದರ ಕೇಳಿಸಿದ್ದಕ್ಕೆ ಕಾರಣ ಇಲ್ಲಿಯೇ ಇದೆ, ಎರಡೂ ಒಂದೇ ಕೆಲಸವಲ್ಲ.

ತಿಂಗಳ ಜಿಎಸ್‌ಟಿಯಲ್ಲಿ ಎಲ್ಲರೂ ಸೋಲುವುದು ಖರೀದಿ ತಾಳೆಯಲ್ಲಿ. ನಮ್ಮ ಊರಿನ ಒಂದು ಬಟ್ಟೆ ಅಂಗಡಿಯ ಉದಾಹರಣೆ ಕೊಡುತ್ತೇನೆ. ಬಿಲ್ಲುಗಳು ಕ್ಯಾರಿ ಬ್ಯಾಗಿನಲ್ಲಿ ಬರುತ್ತವೆ, ಕೆಲವು ಬಿಲ್ಲಿನ ಮೇಲೆ ಅಂಗಡಿಯ ಜಿಎಸ್‌ಟಿ ನಂಬರಿನ ಒಂದು ಅಕ್ಷರವೇ ತಪ್ಪು. 2ಬಿ (ಸಪ್ಲೈಯರುಗಳು ಅಪ್‌ಲೋಡ್ ಮಾಡಿದ ಬಿಲ್ಲುಗಳ ಪಟ್ಟಿ) ತೆರೆದು ಒಂದೊಂದಾಗಿ ಗುರುತು ಹಾಕುತ್ತ ಹೋದರೆ ಸಪ್ಲೈಯರ್ ಅಪ್‌ಲೋಡ್ ಮಾಡದ ಬಿಲ್ಲು ಸಿಗುತ್ತವೆ, ತಪ್ಪು ನಂಬರಿಗೆ ಹೋದವು ಸಿಗುತ್ತವೆ, ಹಿಂದಿನ ತಿಂಗಳದ್ದು ಈಗ ಬಂದಿರುತ್ತವೆ. ಸಪ್ಲೈಯರಿಗೆ ಫೋನ್ ಮಾಡಿ ತಿದ್ದಿಸುವುದೂ ನಮ್ಮ ಪಾಲಿಗೇ. ಈ ಕೆಲಸ ಬಿಟ್ಟು ಬರೀ 3ಬಿ (ತಿಂಗಳ ಸಾರಾಂಶ ರಿಟರ್ನ್) ತುಂಬಿದರೆ ಅರ್ಧ ತಾಸು. ಸರಿಯಾಗಿ ಮಾಡಿದರೆ ನಾಲ್ಕು ತಾಸು, ಅಂದರೆ 1,200. ಅರ್ಧ ತಾಸಿನ ದರಕ್ಕೆ ನಾಲ್ಕು ತಾಸಿನ ಕೆಲಸ ಒಪ್ಪಿಕೊಂಡರೆ ಎರಡನೇ ತಿಂಗಳಿಗೇ ತಾಳೆ ನೋಡುವುದು ಬಿಟ್ಟುಬಿಡುತ್ತೀರಿ, ಎರಡು ವರ್ಷ ಆದಮೇಲೆ ಅಂಗಡಿಯವರಿಗೆ ಐಟಿಸಿ (ಖರೀದಿಯ ಮೇಲೆ ಕಟ್ಟಿದ ಜಿಎಸ್‌ಟಿಯ ಕ್ರೆಡಿಟ್) ನೋಟಿಸು ಬರುತ್ತದೆ.

ಬ್ಯಾಡಗಿ ಅಡತಿ ಅಂಗಡಿ

ನಾವು ಫೀ ಕೊಡೋ ಕಡೆಯವರು, ನಮ್ಮ ಮಾತೂ ಇರಲಿ. ಸೀಜನ್‌ದಾಗ ಮಾರ್ಕೆಟ್‌ಗೆ ಮೆಣಸಿನಕಾಯಿ ಚೀಲ ಬಂದು ಬಿದ್ದಾಗ ನಮಗ ತಲಿ ಎತ್ತಾಕ ಟೈಮ್ ಇರಂಗಿಲ್ಲ. ಆವಾಗ ನಮಗ ಬೇಕಾದದ್ದು ತಾರೀಖಿಗೆ ಸರಿಯಾಗಿ ಫೋನ್ ಮಾಡಿ ಕಾಗದ ಕೇಳೋರು. ಕಡಿಮಿ ಫೀ ತಗೊಂಡು ತಾರೀಖು ತಪ್ಪಿಸಿದ್ರ ಲೇಟ್ ಫೀ ದಿನಕ್ಕ 50 ರೂಪಾಯಿ ನಮ್ಮ ತಲಿ ಮ್ಯಾಲ. 200 ರೂಪಾಯಿ ಉಳಿಸಾಕ ಹೋಗಿ ಯಾರಿಗೂ ಲಾಭ ಆಗಿದ್ದು ನಾ ನೋಡಿಲ್ಲ.

ನಮ್ಮ ತಕರಾರು ಬ್ಯಾರೆ ಐತಿ. ಫೀ ಎಷ್ಟು ಅಂತ ಮೊದಲ ಹೇಳಂಗಿಲ್ಲ. ವರ್ಷದ ಕಡೀಕ "ಅದು ಬ್ಯಾರೆ, ಇದು ಬ್ಯಾರೆ" ಅಂತ ಬಿಲ್ ಬರತೈತಿ. ಬಿಲ್ಲರ ಎಲ್ಲೈತಿ, ಚೀಟಿ ಮ್ಯಾಲ ಒಂದು ನಂಬರ್ ಅಷ್ಟ. ಇನ್ನ ಪಾಸ್‌ವರ್ಡ್ ಕಥಿ ರೈಲ್ವೆ ಅಣ್ಣಾರು ಹೇಳಿದ್ದ ನಮಗೂ ಆಗೈತಿ. ಆಫೀಸ್ ಬದಲಿ ಮಾಡ್ತೀವಿ ಅಂದಕೂಡ್ಲೆ ಹಳೇ ಆಫೀಸಿನವರು ಪಾಸ್‌ವರ್ಡ್ ಕೊಡಾಕ ಸತಾಯಿಸಿದ್ರು. ಕಡೀಕ ನಮ್ಮ ವ್ಯಾಪ್ತಿಯ ಜಿಎಸ್‌ಟಿ ಅಧಿಕಾರಿ ಕಡೆ ಗುರುತಿನ ಕಾಗದ ತಗೊಂಡು ಹೋಗಿ, ಅವರ ಕಡಿಂದ ಮೊಬೈಲ್, ಇಮೇಲ್ ಬದಲಿ ಮಾಡಿಸಿದ್ವಿ. ಇದು ಯಾರಿಗರ ಉಪಯೋಗ ಆಗಲಿ ಅಂತ ಬರದೇನಿ.

ಗದಗ ಹಳೇ ಪ್ರ್ಯಾಕ್ಟಿಷನರ್

ಬ್ಯಾಡಗಿಯವರ ಮಾತು ನೂರಕ್ಕ ನೂರು ಖರೆ. ನಾವು ಫೈಲ್ ಮಾಡಿದ್ರೂ ರಿಟರ್ನ್ ಸರಿ ಐತೋ ಇಲ್ಲೋ ಅನ್ನೋ ಜವಾಬ್ದಾರಿ ಅಂಗಡಿಯವರದ ಅಂತ ಅದ 48ನೇ ಕಲಂ ಹೇಳತೈತಿ. ಹೊಣೆ ಅವರದು, ಕೀಲಿ ನಮ್ಮ ಕಡೆ ಅಂದ್ರ ಹೆಂಗ? ಜಿಎಸ್‌ಟಿಪಿಗೆ ಪಾಸ್‌ವರ್ಡ್ ಬೇಕಾಗೂದ ಇಲ್ಲ. ಅಂಗಡಿಯವರು ತಮ್ಮ ಲಾಗಿನ್ನಿಂದ ನಿನ್ನನ್ನ ಆರಿಸಿದ್ರ, ನಿನ್ನ ಲಾಗಿನ್ನಿಂದನ ಅವರ ರಿಟರ್ನ್ ತಯಾರು ಮಾಡಬಹುದು. ಇಲಾಖೆ ಈ ಸೌಲಭ್ಯ ಕೊಟ್ಟೈತಿ, ನಮ್ಮ ಮಂದಿ ಉಪಯೋಗಿಸಂಗಿಲ್ಲ. ಆದಾಯ ತೆರಿಗೆಗೆ ಪೋರ್ಟಲ್‌ನ್ಯಾಗ ಗಿರಾಕಿಯ ಸ್ವಂತ ಮೊಬೈಲ್, ಸ್ವಂತ ಇಮೇಲ್. ಕಳಕೊಂಡವ್ರು ಆಧಾರ್ ಓಟಿಪಿ ಮ್ಯಾಲ ಪಾಸ್‌ವರ್ಡ್ ಬದಲಿ ಮಾಡಿ, ಪ್ರೊಫೈಲ್‌ನ್ಯಾಗ ನಂಬರ್ ಬದಲಿ ಮಾಡಬಹುದು.

ಇದರಿಂದ ಗಿರಾಕಿ ಬಿಟ್ಟ ಹೋಗ್ತಾರ ಅಂತ ಕೆಲವ್ರು ಅಂಜತಾರ. ಕೀಲಿ ಹಿಡದು ಉಳಿಸ್ಕೊಂಡ ಗಿರಾಕಿ ಎಷ್ಟ ದಿನ ಉಳಿತಾರ?

ವಿದ್ಯಾನಗರ ಬಿ.ಕಾಂ.

ಎಲ್ಲ ಓದಿ ಒಂದು ಕರಡು ಮಾಡಿದ್ದೇನೆ. ಗೋಡೆಗೆ ಹಾಕುತ್ತೇನೆ, ಪ್ರತಿ ಗಿರಾಕಿಗೂ ಒಂದು ಪ್ರತಿ ಕೊಟ್ಟು ಸಹಿ ತಗೊಳ್ಳುತ್ತೇನೆ. ದಯವಿಟ್ಟು ತಿದ್ದಿ.

"ಸಂಬಳದ ಐಟಿಆರ್-1: 500 ರೂ. ವ್ಯಾಪಾರದ ಐಟಿಆರ್-4: 1,000 ರೂ. ಬೇರೆ ರಿಟರ್ನ್: ಕಾಗದ ನೋಡಿ, ಕೆಲಸ ಶುರು ಮಾಡುವ ಮೊದಲು ಬರೆದು ಹೇಳಲಾಗುವುದು. ಜಿಎಸ್‌ಟಿ ತಿಂಗಳ ರಿಟರ್ನ್, ಖರೀದಿ ತಾಳೆ ಸೇರಿ: 1,200 ರೂ.ಗಳಿಂದ. ಪ್ರತಿ ತಿಂಗಳ 5ನೇ ತಾರೀಖಿನೊಳಗೆ ಬಿಲ್ಲುಗಳು ಬರಬೇಕು. ರಿಫಂಡಿನಲ್ಲಿ ಪಾಲು ತೆಗೆದುಕೊಳ್ಳುವುದಿಲ್ಲ. ರಸೀದಿ ಇಲ್ಲದ ವಿನಾಯಿತಿ ತುಂಬುವುದಿಲ್ಲ. ಮೊಬೈಲ್, ಇಮೇಲ್, ಬ್ಯಾಂಕ್ ಖಾತೆ ನಿಮ್ಮದೇ ಇರಬೇಕು. ಫೈಲ್ ಮಾಡುವ ಮೊದಲು ರಿಟರ್ನ್ ಪ್ರತಿ ನಿಮಗೆ ತೋರಿಸಲಾಗುವುದು."

ರಾಣೆಬೆನ್ನೂರು ಜಿಎಸ್‌ಟಿಪಿ

ಚೆನ್ನಾಗಿದೆ ಮೇಡಂ. ನೋಟಿಸಿಗೆ ಉತ್ತರ ಕೊಡುವುದು ಈ ಫೀನಲ್ಲಿ ಸೇರಿಲ್ಲ ಎಂದು ಬರೆಯಿರಿ. ನಿಮ್ಮ ತಪ್ಪಿನಿಂದ ನೋಟಿಸ್ ಬಂದರೆ ಉಚಿತ ಎಂದೂ ಬರೆಯಿರಿ. ಬಿಲ್ ಪುಸ್ತಕ ಮೊದಲ ದಿನದಿಂದ ಇರಲಿ. ನಿಮ್ಮ ವರ್ಷದ ಫೀ 20 ಲಕ್ಷ ದಾಟುವವರೆಗೆ ನೀವು ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ, ಹಾಗಾಗಿ ಬಿಲ್ಲಿನಲ್ಲಿ ಶೇ. 18 ಸೇರಿಸಬೇಡಿ.

ದೇಶಪಾಂಡೆ ನಗರ ಸಿಎ

ಕಂಪನಿಗಳ ಕೆಲಸ ಸಿಕ್ಕರೆ ವೃತ್ತಿ ಫೀ ಮೇಲಿನ ಟಿಡಿಎಸ್ (ಕೊಡುವವರೇ ಮುರಿದುಕೊಳ್ಳುವ ತೆರಿಗೆ, 1961ರ ಕಾಯ್ದೆಯಲ್ಲಿ 194ಜೆ) ನೆನಪಿರಲಿ. 2025ರ ಏಪ್ರಿಲಿನಿಂದ ಅದರ ಮಿತಿ 30,000ದಿಂದ 50,000ಕ್ಕೆ ಏರಿದೆ. ಬೋರ್ಡಿನ ಮೇಲೆ "ಟ್ಯಾಕ್ಸ್ ಕನ್ಸಲ್ಟಂಟ್, ಜಿಎಸ್‌ಟಿ ಪ್ರ್ಯಾಕ್ಟಿಷನರ್" ಎಂದು ಹಾಕಿ. ಜನ ನಿಮ್ಮನ್ನು ಆಡಿಟರ್ ಮೇಡಂ ಎಂದು ಕರೆಯುತ್ತಾರೆ, ಅದನ್ನು ತಡೆಯಲಾಗದು. ಬೋರ್ಡಿನಲ್ಲಿ ಮಾತ್ರ ಆಡಿಟರ್ ಎಂದು ಬರೆಸಬೇಡಿ.

ವಿದ್ಯಾನಗರ ಬಿ.ಕಾಂ.

ಎಲ್ಲ ಸೇರಿಸಿದೆ. ಕಾಕಾರ, ಒಂದು ಕೊನೆ ಪ್ರಶ್ನೆ. ಪದವಿ ಪ್ರಮಾಣಪತ್ರದಲ್ಲಿ ನನ್ನ ತವರಿನ ಅಡ್ಡಹೆಸರಿದೆ, ಪ್ಯಾನ್‌ನಲ್ಲಿ ಗಂಡನ ಮನೆಯದು. ಪಿಸಿಟಿ-01ಕ್ಕೆ ತೊಂದರೆಯಾಗುತ್ತದೆಯೇ?

ಗದಗ ಹಳೇ ಪ್ರ್ಯಾಕ್ಟಿಷನರ್

ಪೋರ್ಟಲ್ ಹೆಸರು ತಾಳೆ ನೋಡೂದು ಪ್ಯಾನ್ ಕೂಡ, ಅದಕ್ಕ ಅರ್ಜಿ ಪ್ಯಾನ್‌ನ್ಯಾಗ ಇದ್ದ ಹೆಸರಿಂದನ ಹಾಕು. ಪದವಿ ಕಾಗದದ ಹಿಂದ ಮದುವಿ ನೋಂದಣಿ ಪತ್ರ, ಹೆಸರು ಬದಲಿ ಆದ ಅಫಿಡವಿಟ್ ಎರಡನ್ನೂ ಒಂದ ಪಿಡಿಎಫ್‌ನ್ಯಾಗ ಜೋಡಿಸು. ಅಧಿಕಾರಿ ಏನರ ವಿವರಣೆ ಕೇಳಿದ್ರ ಪೋರ್ಟಲ್‌ನ್ಯಾಗ ನೋಟಿಸ್ ಬರತೈತಿ, ಕೊಟ್ಟ ದಿನದೊಳಗ ಉತ್ತರ ಹಾಕು. ಸಿಕ್ಕಿಬಿದ್ರ ಇಲ್ಲೇ ಬರಿ, ನೋಡೂಣು.